ಮೂರು ಸಾವಿರ ಕಿಲೋಮೀಟರ್, ಒಂದು ಗೇಣು

ಹಚ್ಚಿದ ವಿಭೂತಿ ಹಣೆಯ ಮೇಲೆ ಇನ್ನೂ ಆರಿರಲಿಲ್ಲ, ಅಂಗೈಯಲ್ಲಿ ಲಿಂಗ, ಪಕ್ಕದ ಮಣೆಯ ಮೇಲೆ ಫೋನು ಗುರುಗುಟ್ಟುತ್ತ ತಾನಾಗಿ ಸರಿಯುತ್ತಿತ್ತು, ಪೂಜೆಯ ನಡುವೆ ಎತ್ತುವುದಿಲ್ಲವೆಂದು ತಮ್ಮನ ಮಗ ದಿಲೀಪನಿಗೆ ಗೊತ್ತು, ಗೊತ್ತಿದ್ದೂ ಮೂರು ಸಲ ಮಾಡಿದನೆಂದರೆ — ಅತ್ತೆ, ಅಪ್ಪ ಹೋಗ್ಬಿಟ್ರು, ಇಲ್ಲೇ ಸಿಂಗಾಪುರದ ಕಂಪನೀಲಿ, ಕಾಫಿ ರುಚಿ ನೋಡ್ತಾ ಕೂತಲ್ಲೇ. ಅದು ಮಂಗಳವಾರ. ಇವತ್ತು ಶುಕ್ರವಾರ, ಪೆಟ್ಟಿಗೆ ನಮ್ಮ ಮೂಡಿಗೆರೆ ಮನೆಯ ಕಾಫಿ ಕಣದಲ್ಲಿದೆ, ನಾನು ಅದಕ್ಕೆ ಒರಗಿ ಕುಳಿತಿದ್ದೇನೆ, ಏಳುವುದಿಲ್ಲ. ವಿಮಾನದಲ್ಲಿ ನಾಲ್ಕೂವರೆ ಗಂಟೆ ಅಕ್ಕ, ಬೆಂಗ್ಳೂರಿಂದ ಮೂಡಿಗೆರೆಗೆ ಬಸ್ಸಲ್ಲಿ ಆರು, ಯಾವ ಊರು ದೂರ ನೀನೇ ಹೇಳು, ಎನ್ನುತ್ತಿದ್ದ ನನ್ನ ತಮ್ಮ ಮಲ್ಲಿಕಾರ್ಜುನ, ಮೂರು ಸಾವಿರದ ನೂರ ಚಿಲ್ಲರೆ ಕಿಲೋಮೀಟರು ಅವನ ಬಾಯಲ್ಲಿ ಪಕ್ಕದ ಜಾವಳಿಗೆ ಹೋಗಿಬಂದಷ್ಟೇ — ಮೊದಲ ಸಲ ಹೊರಟಾಗ ವಿಮಾನ ನಿಲ್ದಾಣದಲ್ಲಿ ಕೊರಳಿನ ಕರಡಿಗೆ ತೆಗೆಸಿದರಂತೆ, ಬೆಳ್ಳಿಯ ಮುಚ್ಚಳ ಬಿಚ್ಚಿ, ಲಿಂಗವನ್ನು ಬೂಟು ಬೆಲ್ಟುಗಳ ತಟ್ಟೆಯಲ್ಲಿಟ್ಟು ಯಂತ್ರದೊಳಗೆ ತಳ್ಳಿದರಂತೆ, ಎರಡನೆಯ ಸಲ ಅವನೇ ಬಿಚ್ಚಿ ನನ್ನ ಕೈಗಿಟ್ಟ, ನೀನೇ ಪೂಜೆ ಮಾಡ್ಕೊಂಡಿರಕ್ಕ, ಬಂದಾಗ ಕಟ್ಕೋತೀನಿ, ನಾಲ್ಕೂವರೆ ಗಂಟೆ ತಾನೆ. ಮೈಮೇಲಿನ ಲಿಂಗ ಅಗಲಬಾರದು, ತಿಳಿದೂ ನಾನು ಅಂಗೈ ಒಡ್ಡಿದೆ, ಅದು ನನ್ನ ತಪ್ಪು, ಶಿವನೆದುರು ಒಪ್ಪುತ್ತೇನೆ, ಇಲ್ಲಿ ನೆರೆದ ಇವರೆದುರು ಒಪ್ಪುವುದಿಲ್ಲ. ಹನ್ನೊಂದು ವರ್ಷ ಒಂದೇ ಅಂಗೈಯಲ್ಲಿ ಎರಡು ಲಿಂಗ, ಮೊದಲು ಅವನದಕ್ಕೆ ನೀರು, ಆಮೇಲೆ ನನ್ನದಕ್ಕೆ. ಮಣ್ಣಿಗೆ ಹೋಗುವವನ ಎಡಗೈಯಲ್ಲಿ ಅವನ ಲಿಂಗ ಇರಬೇಕು, ಪೆಟ್ಟಿಗೆ ತೆಗೀರಿ ಎಂದರೆ ಸಂಸ್ಕಾರಕ್ಕೆ ಬಂದ ಐನೋರು ಹೇಳುತ್ತಾರೆ, ಲಿಂಗ ಬಿಟ್ಟೋರ ಕೈಗೆ ಮತ್ತೆ ಇಡಂಗಿಲ್ಲಮ್ಮ, ಪೆಟ್ಟಿಗೆ ಸಮೇತ ಮಣ್ಣಿಗೆ ಇಳಿಸಿಬಿಡಣ. ಬಿಟ್ಟದ್ದಲ್ಲ ಐನೋರೇ, ನನ್ನ ಹತ್ರ ಇಟ್ಟದ್ದು. ಅತ್ತೆ, ಸೀಲ್ ಮಾಡಿದಾರೆ, ಆ ಮುಖ ನೋಡಿದ್ರೆ ನೀವು ತಡ್ಕಳಲ್ಲ. ನಿಮ್ಮಪ್ಪನ ಸಿಂಬಳ ಒರೆಸಿದೋಳು ಮಾರಾಯ ನಾನು, ಆ ಮುಖ ಅಂತ ನನ್ನ ಹೆದರಿಸ್ತೀಯ. ಹೊತ್ತು ಮೀರುತ್ತಿದೆಯಂತೆ, ಮೀರಲಿ, ಸಮುದ್ರ ದಾಟಿ, ಹಾಸನ ಬೇಲೂರು ದಾಟಿ ಬಂದವನು ನನ್ನ ಕೈಯಿಂದ ಒಂದು ಗೇಣು ಆಚೆಗೆ ನಿಂತುಬಿಡಬೇಕೆ, ಒಂದು ಹಲಗೆಗೆ ಸೋಲಬೇಕೆ — ದಿಲೀಪ ಎದ್ದು ಹೋದ, ಮುನಿಸೋ ಅಳುವೋ, ಇಲ್ಲ, ಕಾಫಿ ಹಣ್ಣು ಸುಲಿಯುವ ಪಲ್ಪರ್ ರಿಪೇರಿಯ ಸ್ಕ್ರೂಡ್ರೈವರ್ ಹಿಡಿದು ಬಂದಿದ್ದಾನೆ, ತಲೆ ಎತ್ತದೆ ಒಂದೊಂದೇ ತಿರುಪು ಬಿಚ್ಚುತ್ತಿದ್ದಾನೆ, ಐನೋರು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿಯ ಕಡೆ ನೋಡುತ್ತಿದ್ದಾರೆ, ನೋಡಲಿ — ಔಷಧದ ಘಾಟು, ಬಿಳಿ ಬಟ್ಟೆ, ಅದರಡಿ ಎಡಗೈ. ಮೇಲ್ಮುಖವಾಗಿಯೇ ಇದೆ. ಚಿಕ್ಕವನಿದ್ದಾಗ ಬೆಲ್ಲ ಕೇಳಿದ ಹಾಗೆ. ಲಿಂಗ ಇಟ್ಟೆ, ಬೆರಳು ಮುಚ್ಚುತ್ತಿಲ್ಲ, ಶಿವದಾರ ಸುತ್ತಿದೆ, ಮತ್ತೊಂದು ಸುತ್ತು, ಮುಚ್ಚುತ್ತಿಲ್ಲ, ತೆರೆದ ಅಂಗೈ, ಅದೇ ಅಂಗೈ — ಶಿವನೇ, ಇವನು ನಿನ್ನನ್ನು ಬಿಟ್ಟವನಲ್ಲ, ದಾರಿಯಲ್ಲಿದ್ದವನು, ಬಂದಿದ್ದಾನೆ, ಈ ಕೈ ಹಿಡಿದು ನಿನ್ನ ಪಕ್ಕದಲ್ಲಿ ಶಾಂತಿಯಿಂದ ಕೂರಿಸಿಕೋ.