ಸಲೋಮಿಯನ್ನು ಹೊತ್ತ ಗಾಡಿ

ನಾನು ಒಂದು ಹೆಣದ ಗಾಡಿ. ಹೆಸರು ಕೇಳಿ ಮುಖ ಸಿಂಡರಿಸಬೇಡಿ. ಧಾರವಾಡದ ಕಡೆಯ ಒಂದು ಸಣ್ಣ ಊರಿನ ಚರ್ಚಿಗಾಗಿ ಬಡಿಗೇರ ಸಂಸೋನಪ್ಪ ನನ್ನನ್ನು ಸಾಗವಾನಿಯಲ್ಲಿ ಮಾಡಿದ. ನಾಲ್ಕು ಗಾಲಿ, ತಳ್ಳಲು ಒಂದು ಹಿಡಿಕೆ, ಮೈತುಂಬ ಕಪ್ಪು ಬಣ್ಣ.

ಮೊದಲು ನನ್ನ ಕೋಣೆಯ ಕೀಲಿ ಮುದುಕಿ ತಬಿಥಮ್ಮನ ಸೆರಗಿನಲ್ಲಿತ್ತು. ಯಾರು ಬಂದರೂ ಆಕೆ ಕೇಳುತ್ತಿದ್ದುದು ಒಂದೇ ಮಾತು: "ಎಷ್ಟೊತ್ತಿಗೆ ಬೇಕ್ರಿ?" ಶಾಲೆಯ ಮಾಸ್ತರರನ್ನು ಹೊತ್ತೆ, ಕುಡಿದು ಸತ್ತವನನ್ನೂ ಹೊತ್ತೆ. ಆಕೆಯನ್ನೂ ನಾನೇ ಹೊತ್ತೆ. ಆಮೇಲೆ ಕೀಲಿ ಚರ್ಚಿನ ಸಭೆಯ ಕಾರ್ಯದರ್ಶಿ ಹಾನೋಕಪ್ಪನ ಕೈ ಸೇರಿತು. ಅಲ್ಲಿಂದ ಶುರುವಾಯಿತು ನೋಡಿ, ಸತ್ತವರ ವಿಚಾರಣೆ!

ಗೌಂಡಿ ತಿಮೊಥಿಯ ಹೆಂಡತಿ ಸಲೋಮಿ ಅವನನ್ನು ಬಿಟ್ಟು ಬೇರೊಬ್ಬನ ಜೊತೆ ಹೋಗಿದ್ದಳು. ಆ ಮನುಷ್ಯ ಕೈಬಿಟ್ಟ ಮೇಲೆ ಜಡ್ಡು ಹಿಡಿದು ಊರಿಗೆ ಬಂದು, ತಂಗಿಯ ಮನೆಯಲ್ಲಿ ತೀರಿಕೊಂಡಳು. ತಂಗಿ ಗಾಡಿ ಕೇಳಿದಾಗ ಹಾನೋಕಪ್ಪ ಕೀಲಿಯನ್ನು ಕಿಸೆಗಿಳಿಸಿದ.

"ಅಂಥಾಕಿಗೆ ಸಭೆಯ ಗಾಡಿ ಕೊಡೂದಿಲ್ಲ. ಶಿಸ್ತು ಅನ್ನೂದು ಒಂದೈತಿ."

ಒಮ್ಮೆಯೂ ನನ್ನ ಹಿಡಿಕೆ ಮುಟ್ಟದವನ ಬಾಯಲ್ಲಿ ಶಿಸ್ತು! ಕರುಣೆಯ ಮೇಲೆ ಪಾದ್ರಿಗಳ ಪ್ರಸಂಗ ಕೇಳಿ ತಲೆದೂಗಿದವರೆಲ್ಲ ಆಗ ನೆಲ ನೋಡುತ್ತ ನಿಂತರು. ನನಗೆ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ತಿಮೊಥಿಯೇ ಬಂದ. ಕೈಗೆ ಸಿಮೆಂಟು ಹಾಗೇ ಮೆತ್ತಿತ್ತು.

"ಕೀಲಿ ಕೊಡ್ರಿ."

"ನಿನಗರ ಮಾನ ಬ್ಯಾಡೇನೋ? ಆಕಿ ನಿನಗ ಮಾಡಿದ್ದು ಮರ್ತಿಯೇನು?"

"ಮರ್ತಿಲ್ರಿ. ಆಕಿ ಬಿಟ್ಟು ಹೋಗಿದ್ದು ನನ್ನನ್ನ. ಕ್ಷಮಿಸಿದಾಂವನೂ ನಾನ. ನಡುವ ನಿಮಗೇನಾತ್ರಿ?"

ತಿಮೊಥಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಹಾನೋಕಪ್ಪನ ಕಿಸೆಯಿಂದ ಕೀಲಿ ಹೊರಗೆ ಬಂತು.

ನಡುಮಧ್ಯಾಹ್ನದ ಬಿಸಿಲಲ್ಲಿ ಅವನೊಬ್ಬನೇ ತಳ್ಳಿದ. ಸ್ಮಶಾನದ ಏರಿನಲ್ಲಿ ಪೆಟ್ಟಿಗೆಯ ಕಡೆ ಬಗ್ಗಿ ಮೆಲ್ಲಗೆ, "ಗಟ್ಟಿ ಹಿಡಕೋ, ಏರು ಬಂತು" ಅಂದ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಹಾಗೆ ಹೇಳುತ್ತಿದ್ದನೋ ಏನೋ. ದಾರಿಯ ಪಕ್ಕದ ಮನೆಗಳ ಬಾಗಿಲಲ್ಲಿ ನಿಂತಿದ್ದ ಇಬ್ಬರು ಹೆಂಗಸರು ಓಡಿಬಂದು ಹಿಂದಿನಿಂದ ಕೈಹಚ್ಚಿದರು. ತಿಮೊಥಿ ತನ್ನ ತಾಯಿಯ ಪಕ್ಕದಲ್ಲೇ ಅವಳನ್ನು ಮಣ್ಣು ಮಾಡಿದ. ಅದಕ್ಕಾಗಿ ಸಭೆಯ ಹಿರಿಯರು ಆರು ತಿಂಗಳು ಅವನಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲಿಲ್ಲ.

ಆಮೇಲೆ ಮೋಟಾರು ಗಾಡಿ ಬಂತು, ನಾನು ಮೂಲೆ ಸೇರಿದೆ. ಮೊನ್ನೆ ಸಭೆಯ ಸುವರ್ಣ ಮಹೋತ್ಸವ ಆಯಿತು. ಇವತ್ತು ಹೊಸ ಪಾದ್ರಿಗಳು ಅದರ ಸ್ಮರಣ ಸಂಚಿಕೆ ಹಿಡಿದು ಮುದುಕ ತಿಮೊಥಿಯನ್ನು ನನ್ನ ಬಳಿಗೆ ಕರೆತಂದರು. ಅದರಲ್ಲಿ ಸಲೋಮಿಯನ್ನು ಹೊತ್ತ ನನ್ನನ್ನು ಅವನು ತಳ್ಳುತ್ತಿರುವ ಫೋಟೋ, ಅಂದು ದಾರಿಯಲ್ಲಿ ಯಾರೋ ತೆಗೆದದ್ದು! ಕೆಳಗೆ ಬರೆದದ್ದನ್ನು ಪಾದ್ರಿಗಳು ಓದಿದರು: "ಕರುಣೆಯ ಸೇವೆಯಲ್ಲಿ ನಮ್ಮ ಸಭೆ."

ನಮ್ಮ ಸಭೆಯಂತೆ! ನನಗೆ ಬಾಯಿದ್ದಿದ್ದರೆ ಕೂಗಿಬಿಡುತ್ತಿದ್ದೆ.

ತಿಮೊಥಿ ಕೇಳಿದ: "ಆಕಿ ಹೆಸರು ಹಾಕ್ಯಾರೇನ್ರಿ?"

"ಇಲ್ಲ."

ಅವನು ಪಾದ್ರಿಗಳ ಕಿಸೆಯಿಂದ ಪೆನ್ನು ತೆಗೆದುಕೊಂಡು, ಫೋಟೋದ ಕೆಳಗೆ ದಪ್ಪಗೆ 'ಸಲೋಮಿ' ಎಂದು ಬರೆದ.

"ಉಳಿದ ಪುಸ್ತಕ ಎಲ್ಲದಾವ್ರಿ? ಎಲ್ಲಾ ತರ್ರಿ."

ಪಾದ್ರಿಗಳು ಸಂಚಿಕೆಯ ಕಟ್ಟುಗಳನ್ನು ತಂದು ನನ್ನ ಹಲಗೆಯ ಮೇಲೆ ಇಳಿಸಿದರು. ಮುದುಕ ಒಂದೊಂದನ್ನೇ ಬಿಚ್ಚಿ ಆ ಹೆಸರು ಬರೆಯತೊಡಗಿದ. ಪಾದ್ರಿಗಳೂ ಇನ್ನೊಂದು ಪೆನ್ನು ತಂದು ಎದುರಿಗೆ ಕೂತರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಅವರ ಕೈ ಅಲುಗದಿರಲೆಂದು ಮುರುಕು ಗಾಲಿ ಊರಿ ಗಟ್ಟಿಯಾಗಿ ನಿಂತಿದ್ದೇನೆ.