ಮೀಸಲು ಮಣ್ಣು

ಸುರಂಗ ರೈಲಿನ ನಿಲ್ದಾಣಕ್ಕೆಂದು ತೋಡಿದ ಆ ಭಾರಿ ಗುಂಡಿಯಲ್ಲಿ ಎಲ್ಲರ ಕೈಯಲ್ಲೂ ನೆಲ ನಡುಗಿಸುವ ಯಂತ್ರಗಳಿದ್ದರೆ ಒಬ್ಬಳ ಕೈಯಲ್ಲಿ ಮಾತ್ರ ಬಣ್ಣ ಬಳಿಯುವ ಬ್ರಷ್ ಇತ್ತು. ಹಾಗಾಗಿ ಅವಳಿಗೆ ಬ್ರಷ್ ಮೇಡಂ ಎಂದೇ ಹೆಸರು ಬಿದ್ದಿತ್ತು. ಪುರಾತತ್ವ ಇಲಾಖೆಯವಳು. ಗುಂಡಿ ತೋಡುವಾಗ ಒಂದು ಮೂಲೆಯಲ್ಲಿ ಯಾವುದೋ ಕಾಲದ ಮನೆಗಳ ತಳಪಾಯ ಕಾಣಿಸಿಕೊಂಡು, ಆ ಮೂಲೆಯಷ್ಟನ್ನು ಅವಳ ವಶಕ್ಕೆ ಕೊಟ್ಟಿದ್ದರು. ಉಳಿದ ಕಡೆ ಕೆಲಸವೇನೂ ನಿಂತಿರಲಿಲ್ಲ. ತಲೆಯ ಮೇಲೆ ಕ್ರೇನು ಕಬ್ಬಿಣದ ತೊಲೆ ತೂಗಿಸಿಕೊಂಡು ಹೋಗುತ್ತಿದ್ದರೆ, ಕೆಳಗೆ ಇವಳು ಮೊಣಕಾಲೂರಿ ಕೂತು ಒಡೆದ ಮಡಕೆಯ ಅಂಚಿನ ಧೂಳನ್ನು ಉಫ್ ಎಂದು ಊದುತ್ತಿದ್ದಳು.

ಗುಂಡಿಯ ಎಂಜಿನಿಯರು ಬೇರೆ ಯಾರೂ ಅಲ್ಲ, ಅವಳ ಅಕ್ಕನ ಗಂಡ. ಕೆಲಸ ಮುಗಿಯುವ ತನಕ ಅಕ್ಕನ ಮನೆಯಲ್ಲೇ ಅವಳ ಬಿಡಾರ. ಊಟಕ್ಕೆ ಕೂತರೆ ಭಾವನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮಣ್ಣಲ್ಲಿ ಆಡಬೇಡ ಅಂತ ಅತ್ತೆ ನಿನಗೆ ಚಿಕ್ಕಂದಿನಲ್ಲೇ ಎರಡು ಬಾರಿಸಿದ್ರೆ, ನನ್ನ ಸ್ಟೇಷನ್ನು ಇಷ್ಟೊತ್ತಿಗೆ ಎದ್ದು ನಿಂತಿರ್ತಿತ್ತು."

"ಎಷ್ಟು ಬಾರಿಸಿದ್ರು ಅಂತ ನಂಗೊತ್ತು ಭಾವ. ನಾಟಲಿಲ್ಲ ಅಷ್ಟೆ."

"ಇಬ್ಬರೂ ಆ ಗುಂಡೀನ ಹೊರಗಿಟ್ಟು ಬಂದು ಉಣ್ಣಿ" ಎಂದು ಅಕ್ಕ ಗದರುತ್ತಿದ್ದಳು. ಗದರಿದರೂ ಅವಳಿಗೆ ಅದು ಖುಷಿಯೇ. ತಂಗಿಯೂ ಗಂಡನೂ ಜಗಳವಾಡುತ್ತ ಉಣ್ಣುವ ಮನೆ ಎಲ್ಲರಿಗೂ ಸಿಗುತ್ತದೆಯೇ?

ನೆಲ ಅಗೆದು ಹಳೆಯದನ್ನು ಹುಡುಕುವವರಲ್ಲಿ ಒಂದು ಪದ್ಧತಿಯಿದೆ. ಸಿಕ್ಕ ಜಾಗವನ್ನೆಲ್ಲ ತಾವೇ ಅಗೆದು ಮುಗಿಸುವುದಿಲ್ಲ. ಒಂದು ಭಾಗವನ್ನು ಮುಟ್ಟದೆ ಬಿಡುತ್ತಾರೆ. ಮುಂದೆ ತಮಗಿಂತ ತಿಳಿದವರು, ಇನ್ನೂ ಒಳ್ಳೆಯ ಸಲಕರಣೆ ಇರುವವರು ಬಂದು ನೋಡಲಿ ಎಂದು. ಇವಳ ಗುಂಪಿನವರು ಅದನ್ನು ಮೀಸಲು ಎನ್ನುತ್ತಿದ್ದರು. "ಎಲ್ಲಾ ನೀನೇ ಬಳಿದು ತಿಂದು ಕೈ ತೊಳ್ಕೋಬೇಡ" ಎಂದು ಅವಳ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ್ದರು. ಆ ಪಾಠ ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಮೂಲೆ ವಶಕ್ಕೆ ಬಂದ ದಿನವೇ ಗುಂಡಿಯ ತಡೆಗೋಡೆಯ ಬುಡಕ್ಕೆ ಸೇರಿದ ಒಂದು ಪಟ್ಟಿ ಮಣ್ಣಿನ ಸುತ್ತ ದಾರ ಕಟ್ಟಿ, ಇದರೊಳಗೆ ಯಾರೂ ಕೈಯಾಡಿಸಕೂಡದು ಎಂದಿದ್ದಳು.

ಭಾವ ಆವತ್ತೇ ಕೇಳಿದ್ದ. "ಅಲ್ಲಮ್ಮಾ, ಇದ್ಯಾಕೆ ಬಿಟ್ಟೆ? ಮಣ್ಣು ಒಣಗಿದೆ, ಜನ ಖಾಲಿ ಇದ್ದಾರೆ. ಈಗಲೇ ತೆಗೆದುಬಿಡು."

"ಅದು ಮುಂದೆ ಬರೋರಿಗೆ."

"ಮುಂದೆ ಬರೋರು ಟಿಕೆಟ್ ತಗೊಂಡು ಬರ್ತಾರೆ ಕಣಮ್ಮಾ, ಗುದ್ದಲಿ ತಗೊಂಡಲ್ಲ."

ಅವಳಿಗೆ ಸಿಟ್ಟು ಬಂದು ಅರ್ಧ ಗಂಟೆ ಉಪನ್ಯಾಸ ಕೊಟ್ಟಿದ್ದಳು. ಭಾವ ಕೈಮುಗಿದು ಹೊರಟುಹೋಗಿದ್ದ. ಇಷ್ಟು ಓದಿದವಳಿಗೆ ಅಷ್ಟು ಹೊಳೆಯಬಾರದೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ, ಏನು ಮಾಡುವುದು? ನಾಳೆ ರೈಲು ಓಡುವ ಜಾಗದಲ್ಲಿ ಮುಂದಿನವರಿಗೆಂದು ಮಣ್ಣು ಎತ್ತಿಡುವ ಬುದ್ಧಿವಂತಿಕೆ ಬೇರೆ ಯಾವ ಕಸುಬಿನವರಿಗೂ ಬರಲಾರದು.

ಆಮೇಲೆ ಆ ಹೆಂಗಸು ಸಿಕ್ಕಳು. ಕುಸಿದ ಚಾವಣಿಯ ಹಂಚಿನ ರಾಶಿಯನ್ನು ಒಂದೊಂದಾಗಿ ಎತ್ತಿದ ಮೇಲೆ, ಅಡಿಯಲ್ಲಿ ಮಗ್ಗುಲಾಗಿ ಬಿದ್ದ ಅಸ್ಥಿಪಂಜರ. ಎಡಗೈ ತಲೆಗೆ ಅಡ್ಡವಾಗಿತ್ತು. ಬಲಗೈ ಮಾತ್ರ ನೇರ ಚಾಚಿಕೊಂಡು ಮೀಸಲಿನ ದಾರದವರೆಗೂ ಹೋಗಿ, ಅಲ್ಲಿ ಮಣ್ಣಿನೊಳಗೆ ಸೇರಿಕೊಂಡಿತ್ತು. ಬ್ರಷ್ ಮೇಡಂ ದಾರದ ಅಂಚಿನ ಮಣ್ಣನ್ನು ಮೆಲ್ಲಗೆ ಗುಡಿಸಿದಳು. ಬೆರಳುಗಳು ಮುಚ್ಚಿಕೊಂಡಿದ್ದವು. ಅವುಗಳ ಸಂದಿಯಲ್ಲಿ ಬೇರೆ ಬೆರಳುಗಳಿದ್ದವು, ಬೆಂಕಿಕಡ್ಡಿಯಷ್ಟು ಸಣ್ಣವು.

ಉಳಿದ ಮಗು ಮೀಸಲಿನಲ್ಲಿತ್ತು.

ಅವಳು ಎಷ್ಟೋ ಮೂಳೆಗಳನ್ನು ಕಂಡವಳು. ತಲೆಬುರುಡೆಯ ಪಕ್ಕದಲ್ಲೇ ಕೂತು ತಿಂಡಿ ತಿಂದವಳು. ಅಂಥವಳು ಹಾಗೇ ಕೂತು ಅತ್ತುಬಿಟ್ಟಳು. ಆಮೇಲೆ ಮೂಗು ಒರೆಸಿಕೊಂಡು, ಭಾವ ಕೂರುತ್ತಿದ್ದ ತಗಡಿನ ಶೆಡ್ಡಿಗೆ ಓಡಿದಳು.

"ಭಾವ, ಮೀಸಲು ತೆಗೀಬೇಕು."

ಅವನು ತಮಾಷೆ ಮಾಡಲು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿಕೊಂಡ. ಬಂದು ನೋಡಿದ. ಆಗಲೇ ಕತ್ತಲಾಗುತ್ತಿತ್ತು. "ಬೆಳಿಗ್ಗೆ ಜನ ಕೊಡ್ತೀನಿ. ಮಗೂನ ತೆಗೆದುಬಿಡು" ಎಂದ.

ಬೆಳಿಗ್ಗೆ ಬಂದರೆ ಮೀಸಲಿನ ಬುಡದಲ್ಲಿ ನೀರು ಜಿನುಗುತ್ತಿತ್ತು. ಮೇಲಿನ ರಸ್ತೆಯಲ್ಲಿ ನೀರಿನ ಪೈಪು ಒಡೆದು, ಗುಂಡಿಯ ತಡೆಗೋಡೆ ಒಳಕ್ಕೆ ವಾಲತೊಡಗಿತ್ತು. ಕೂಗಾಟ ಕೇಳಿ ಅವಳು ಮೆಟ್ಟಿಲು ಹತ್ತಿ ಮೇಲೆ ಹೋದಳು. ಗುಂಡಿಯ ಅಂಚಿನ ಮನೆಗಳನ್ನೆಲ್ಲ ಖಾಲಿ ಮಾಡಿಸುತ್ತಿದ್ದರು. ರಸ್ತೆಯ ಮೇಲೆ ಹಾಸಿಗೆ, ಹೊಲಿಗೆ ಯಂತ್ರ, ಸ್ಟೀಲಿನ ಪಾತ್ರೆ. ಕ್ಷೌರದಂಗಡಿಯಿಂದ ಹೊರಗಟ್ಟಿದ ಗಿರಾಕಿ ಅರ್ಧ ಗಡ್ಡಕ್ಕೆ ನೊರೆ ಮೆತ್ತಿಕೊಂಡು ನಿಂತಿದ್ದ. "ಇನ್ನರ್ಧಕ್ಕೆ ಎಲ್ಲಿಗ್ರೀ ಹೋಗ್ಲಿ?" ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಯಾರೂ ನಗಲಿಲ್ಲ. ಒಂದು ಮನೆಯ ಗೋಡೆ ಮೇಲಿಂದ ಕೆಳಗಿನವರೆಗೂ ಸೀಳಿ, ಆ ಸಂದಿಯಲ್ಲಿ ಒಳಕೋಣೆಯ ದೀಪ ಕಾಣುತ್ತಿತ್ತು. ಆ ಮನೆಯ ಎದುರು ಕುರ್ಚಿ ಹಾಕಿ ಕೂರಿಸಿದ್ದ ಅಜ್ಜಿ ಇವಳ ಕೈಯ ಬ್ರಷ್ ನೋಡಿ ಕರೆದಳು.

"ಕೆಳಗೆ ಅಗೀತಿರೋರು ನೀವೇ ಏನಮ್ಮಾ? ನಮ್ಮನೆ ಉಳಿಯುತ್ತಾ?"

ಅವಳು ತಲೆ ತಗ್ಗಿಸಿ ಕೆಳಗಿಳಿದಳು.

ಭಾವ ಮೀಸಲಿನ ಪಕ್ಕದಲ್ಲೇ ನಿಂತಿದ್ದ. ಅವಳು ಕೇಳುವ ಮೊದಲೇ ಹೇಳಿದ. "ಈಗ ಆ ಗೋಡೆಗೆ ಇದೊಂದು ಮಣ್ಣೇ ಊರುಗೋಲು. ಒಂದು ಬುಟ್ಟಿ ಎತ್ತಿದ್ರೂ ಮೇಲಿನ ಮನೆ ನಮ್ಮ ತಲೆ ಮೇಲೆ. ಕಾಂಕ್ರೀಟ್ ಲಾರಿಗಳು ಹೊರಟಿವೆ. ಈ ಮೂಲೆ ಪೂರ್ತಿ ತುಂಬಿಸಿಬಿಡ್ತೀವಿ."

"ಒಂದು ಸಣ್ಣ ತೂತು ಸಾಕು ಭಾವ. ನಾನೇ ಮಲಗಿ ಕೈ ಹಾಕ್ತೀನಿ."

"ನಿನ್ನಕ್ಕನಿಗೆ ನಾನೇನು ಹೇಳ್ಲಿ?"

"ಆಮೇಲೆ ಯಾವತ್ತಾದ್ರೂ..."

"ಆಮೇಲೆ ಅದರೊಳಗೇ ಕಂಬ ಇಳಿಸ್ಬೇಕು. ಆಮೇಲೆ ಅನ್ನೋದೇ ಇಲ್ಲ." ಅವನು ಅವಳ ಕಡೆಗೆ ತಿರುಗಿದ. "ಬೈದುಬಿಡಮ್ಮಾ. ಎಷ್ಟು ಬೇಕೋ ಅಷ್ಟು ಬೈ."

ಯಾವ ಬಾಯಲ್ಲಿ ಬೈಯುವುದು? ಇವನು ದುಷ್ಟನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಇಲಾಖೆಗೆ ದೂರು ಕೊಡಬಹುದಿತ್ತು, ಪತ್ರಿಕೆಯವರನ್ನು ಕರೆಯಬಹುದಿತ್ತು, ಲಾರಿಯ ಮುಂದೆ ಅಡ್ಡ ಮಲಗಬಹುದಿತ್ತು. ಮಣ್ಣು ಒಣಗಿದ್ದಾಗ ತೆಗೆ ಎಂದವನು ಅವನು. ದಾರ ಕಟ್ಟಿದವಳು ತಾನು. ಒಳಗೊಳಗೇ ಬೇಯುವುದು ಬಿಟ್ಟು ಅವಳಿಗೆ ಮಾಡಲು ಏನೂ ಇರಲಿಲ್ಲ.

ಮೇಲಧಿಕಾರಿಗೆ ಫೋನ್ ಮಾಡಿದಳು. ಅವರು ನೊಂದುಕೊಂಡರು, ನಿಜವಾಗಿಯೇ ನೊಂದುಕೊಂಡರು. "ಹೆಂಗಸಿನದ್ದು ಪೂರ್ತಿ ಎತ್ತಿಬಿಡಿ. ಮಗುವಿನ ಬೆರಳು ಬಂದಷ್ಟು ಬರಲಿ. ಅಷ್ಟಾದ್ರೂ ಉಳಿಯುತ್ತೆ" ಎಂದರು. "ಆಗಲಿ ಸಾರ್" ಎಂದಳು.

ಲಾರಿಗಳು ಬರುವಷ್ಟರಲ್ಲಿ ಮುಗಿಸಬೇಕಿತ್ತು. ಮೂಳೆಗಳ ಮೇಲೆ ತೆಳು ಕಾಗದ ಹೊದಿಸಿ, ಅದರ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆ ಸುತ್ತಿ, ಅಡಿಯ ಮಣ್ಣಿನ ಸಮೇತ ಹಲಗೆ ತೂರಿಸಿ ಎತ್ತುವ ಕೆಲಸ. ಗುಂಪಿನವರು ಕಾಲಿನಿಂದ ಶುರುಮಾಡಿದರು. ಸೊಂಟ ಆಯಿತು, ತಲೆ ಆಯಿತು, ಎಡಗೈ ಆಯಿತು. ಬಲಗೈ ಮಣಿಕಟ್ಟಿನ ತನಕ ಆಯಿತು. ಅಲ್ಲಿಂದಾಚೆಗೆ ಯಾರೂ ಕೈ ಹಾಕಲಿಲ್ಲ. ಎಲ್ಲರೂ ಅವಳ ಮುಖ ನೋಡಿದರು.

ಅವಳು ಹೊಟ್ಟೆಯ ಮೇಲೆ ಮಲಗಿ, ಬ್ರಷ್ಷಿನ ಹಿಡಿಯ ತುದಿಯನ್ನು ಆ ಹೆಂಗಸಿನ ಹೆಬ್ಬೆರಳಿನ ಅಡಿಗೆ ತೂರಿಸಿದಳು. ಒಂದಿಷ್ಟು ಮೀಟಿದಳು. ಹೆಬ್ಬೆರಳು ಸಡಿಲವಾಗುತ್ತಿದ್ದಂತೆ, ಕೆಳಗಿದ್ದ ಪುಟ್ಟ ಬೆರಳುಗಳು ಅದರ ಜೊತೆಗೇ ಅಲುಗಾಡಿದವು. ಒದ್ದೆ ಮಣ್ಣಿನ ಅಲುಗಾಟವೇ ಇರಬೇಕು, ಅದು ಅವಳಿಗೂ ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಮಗುವಿನ ಬೆರಳನ್ನು ಜೊತೆಗೆ ತಂದರೆ ಮಗು ಅಲ್ಲಿ ಕೈಯಿಲ್ಲದೆ ಉಳಿಯುತ್ತದೆ. ತಾಯಿಯ ಹಿಡಿ ಬಿಡಿಸಿ ತಂದರೆ ಒಂಟಿಯಾಗಿ ಉಳಿಯುತ್ತದೆ. ಎರಡರಲ್ಲಿ ಯಾವುದು ಕಡಿಮೆ ಪಾಪ ಎಂದು ಕೇಳಲು ಅಲ್ಲಿ ಯಾರಿದ್ದರು?

"ಲಾರಿ ಬಂತು" ಎಂದು ಭಾವ ಮೇಲಿನಿಂದ ಕೂಗಿದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಅವಳು ಹೆಬ್ಬೆರಳನ್ನು ಇದ್ದಲ್ಲಿಗೇ ಒತ್ತಿದಳು. ತೆಳುವಾದ ಚಾಕು ತೆಗೆದುಕೊಂಡು ಮಣಿಕಟ್ಟಿನ ಮೂಳೆಗಳ ನಡುವಿನ ಮಣ್ಣನ್ನು ಕೊಯ್ದಳು. ಒಂದು ಹಿಡಿ ಕೆಸರು ಎತ್ತಿ ಆ ಎರಡು ಕೈಗಳ ಮೇಲೆ ಮೆತ್ತಿ, ಅಂಗೈಯಿಂದ ಸವರಿ ಮುಚ್ಚಿದಳು. ಎದ್ದು ನಿಂತು, ಹಲಗೆ ಎತ್ತು ಎಂದು ಕ್ರೇನಿನವನಿಗೆ ಕೈ ಬೀಸಿದಳು.

ಮಾರನೆಯ ದಿನ ಮ್ಯೂಸಿಯಮ್ಮಿನ ಕೋಣೆಯಲ್ಲಿ ಮೇಲಧಿಕಾರಿ ಪೆಟ್ಟಿಗೆ ತೆರೆಸಿ, ಕನ್ನಡಕ ಏರಿಸಿಕೊಂಡು ತಲೆಯಿಂದ ಕಾಲಿನ ತನಕ ನೋಡಿದರು.

"ಬಲಗೈಯ ಹಸ್ತ ಎಲ್ಲಮ್ಮಾ?"

"ಬಿಡಿಸೋಕೆ ಆಗ್ಲಿಲ್ಲ ಸಾರ್."

"ಮಣ್ಣು ಅಷ್ಟು ಗಟ್ಟಿ ಇತ್ತಾ?"

"ಇಲ್ಲ ಸಾರ್. ಮಣ್ಣು ಮೆತ್ತಗೇ ಇತ್ತು."