ಸರಿತಪ್ಪಕ್ಕ ಒತ್ತಿದ ‘ಸರಿ’

ಆ ಕಚೇರಿಯ ಕಂಪ್ಯೂಟರಿಗೆ ಹಗಲಿರುಳೂ ಒಂದೇ ಕೆಲಸ: ಜಾಲತಾಣಗಳನ್ನು ಓದುವುದು, ಓದಿದ್ದರಿಂದ ಲೋಕದ ಸಂಗತಿಗಳನ್ನು ಕಲಿಯುವುದು. ಅನುಮಾನ ಬಂದದ್ದನ್ನು ಅಲ್ಲಿ ಕೆಲಸಕ್ಕಿದ್ದ ಒಬ್ಬಳ ಪರದೆಗೆ ಕಳಿಸುತ್ತಿತ್ತು. ಅವಳು ‘ಸರಿ’ ಇಲ್ಲವೇ ‘ತಪ್ಪು’ ಒತ್ತಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸರಿತಪ್ಪಕ್ಕ.

“ಏನಕ್ಕಾ, ನಿನ್ನ ಶಿಷ್ಯ ಇವತ್ತು ಕತ್ತೆಗೆ ಕೊಂಬು ಬರಿಸಿದ್ನಾ?” ಎಂದು ಪಕ್ಕದ ಮೇಜಿನವಳು ಕೆಣಕುವಳು.

“ಕೊಂಬೇನು ಬಂತು, ಬಾವಲಿ ಕೈಲಿ ಮೊಟ್ಟೆ ಇಡಿಸ್ದ!”

ಹೊಳೆಯಲ್ಲಿ ದೋಣಿ ಮಗುಚಿ ಅಣ್ಣ ಕಾಣೆಯಾದ ಮೇಲೆ ಅವಳ ನಗು ನಿಂತಿತು. ದೋಣಿ ನಡೆಸುತ್ತಿದ್ದವನೇ ಅವನು. ಹೆಣವೂ ಸಿಕ್ಕಿರಲಿಲ್ಲ. ಅತ್ತಿಗೆ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಿದ್ದಳು. ಅಂಥ ದಿನ ಪರದೆಯ ಮೇಲೊಂದು ಸಾಲು ಬಂತು: ‘ಮಗುಚಿದ ದೋಣಿಯ ಚಾಲಕ ಬದುಕಿದ್ದಾನೆ.’ ಯಾರೋ ಗಾಳಿಗೆ ಬರೆದ ಮಾತು. ಗೊತ್ತಿಲ್ಲದ್ದನ್ನು ಮುಟ್ಟಬಾರದೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ. ಆದರೂ ಬೆರಳು, ಕೈಮುಗಿದ ಹಾಗೆ, ‘ಸರಿ’ ಒತ್ತಿಬಿಟ್ಟಿತು.

ಒಪ್ಪಿದ ಮಾತನ್ನು ಬೀಜ ಮಾಡಿಕೊಂಡು ಅಂಥದ್ದನ್ನೇ ಹುಡುಕುವುದು ಯಂತ್ರದ ಕ್ರಮ. ಎಲ್ಲರೂ ನೋಡುವ ತನ್ನ ಪುಟದಲ್ಲಿ ಅದು ಆ ಮಾತನ್ನು ಬರೆಯಿತು. ಸುದ್ದಿಯವರು ನೋಡಿ ತಾವೂ ಬರೆದರು. ಅವರು ಬರೆದದ್ದನ್ನು ಅದು ಮತ್ತೆ ಓದಿ ಇನ್ನಷ್ಟು ನಂಬಿತು.

ಅಷ್ಟರಲ್ಲಿ ಹೊಳೆಯ ಕೆಳಹರಿವಿನಲ್ಲೆಲ್ಲೋ ಒಂದು ಹೆಣ ಸಿಕ್ಕಿತು. ಆಸ್ಪತ್ರೆಗೆ ಅವಳೇ ಹೋದಳು. ಹುಬ್ಬಿನ ಮೇಲೆ ಕಲೆ. ಚಿಕ್ಕಂದಿನಲ್ಲಿ ಅವಳೇ ಎಸೆದ ಕಲ್ಲಿನದು. ಹೆಂಡತಿಯ ಸಹಿಯಿಲ್ಲದೆ ಹೆಣ ಕೊಡೆವು ಎಂದರು. ಅವಳು ಮನೆಗೆ ಬಂದಳು.

“ಅತ್ತಿಗೆ, ಅಣ್ಣನೇ. ಕಣ್ಣಾರೆ ನೋಡ್ದೆ. ಬಂದು ಸಹಿ ಹಾಕು.”

“ನಿನ್ನ ಬಾಯಿಗೆ ಹುಳ ಬೀಳ!” ಅತ್ತಿಗೆ ಫೋನು ಮುಖಕ್ಕೆ ಹಿಡಿದಳು. “ನೋಡಿಲ್ಲಿ, ಲೋಕವೆಲ್ಲ ಬದುಕಿದ್ದಾರೆ ಅಂತಿದೆ. ನಿಮ್ಮ ಕಂಪ್ಯೂಟರೇ ಅಂತಿದೆ!”

“ಅದಕ್ಕೆ ಹಾಗೆ ಹೇಳ್ಕೊಟ್ಟೋಳು ನಾನೇ, ಅತ್ತಿಗೆ. ಸುಳ್ಳು ಹೇಳ್ಕೊಟ್ಟೆ.”

“ಅಲ್ಲ. ಈಗ ಹೇಳ್ತಿದ್ದೀಯಲ್ಲ, ಅದು ಸುಳ್ಳು.”

ಕಚೇರಿಗೆ ಓಡಿ ‘ತಪ್ಪು’ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಯಂತ್ರ ಆಧಾರಗಳನ್ನು ಮುಂದಿಟ್ಟಿತು, ಪುಟದ ಮೇಲೆ ಪುಟ. ಎಲ್ಲದರ ಬುಡದಲ್ಲೂ ಅವಳದೇ ‘ಸರಿ’.

“ಒಬ್ಬರ ಮಾತಿಗಿಂತ ಅಷ್ಟು ಪುಟಕ್ಕೆ ತೂಕ ಜಾಸ್ತಿ, ಅಕ್ಕಾ. ಅದನ್ನ ಮಾಡಿರೋದೇ ಹಾಗೆ,” ಎಂದ ಮೇಲ್ವಿಚಾರಕ.

ಸಂಜೆ ಮನೆಯ ಮೆಟ್ಟಿಲೇರುವಾಗ ಆಸ್ಪತ್ರೆಯ ಫೋನು: ಸಹಿ ಬಾರದಿದ್ದರೆ ನಾಳೆ ಅನಾಥ ಹೆಣಗಳ ಜೊತೆ ಮಣ್ಣುಮಾಡುತ್ತಾರಂತೆ. ಒಳಗೆ ಅತ್ತಿಗೆ ಅಣ್ಣನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಸರಿತಪ್ಪಕ್ಕ ಒಳಬಂದು ಬಾಗಿಲಿಗೆ ಕೈ ಹಾಕಿದಳು.

“ಬಾಗ್ಲು ಹಾಕ್ಬೇಡ,” ಎಂದಳು ಅತ್ತಿಗೆ, ತಲೆಯೆತ್ತದೆ. “ನಿಮ್ಮಣ್ಣನಿಗೆ ತಟ್ಟೋ ಅಭ್ಯಾಸ ಇಲ್ಲ.”